ಬೆಳಕಿಗೆ ಸಿಕ್ಕಿಬಿದ್ದ ಬೆರಳು

ಪುಡಿ ಉದುರಿಸಬೇಕಿಲ್ಲ, ರಾಸಾಯನಿಕ ಸಿಂಪಡಿಸಬೇಕಿಲ್ಲ. ಕೋಣೆ ಕತ್ತಲಾಗಿರಬೇಕು, ದೀಪದ ಬಣ್ಣವೂ ಓರೆಯೂ ಸರಿಯಿರಬೇಕು, ನೋಡುವವರಿಗೆ ತಾಳ್ಮೆಯಿರಬೇಕು. ಬೆರಳಚ್ಚನ್ನು ಮುಟ್ಟದೆಯೇ ಹಿಡಿದುಕೊಡುವ ಈ ವಿದ್ಯೆ ತನಿಖೆಯ ಮೊದಲ ಹೆಜ್ಜೆ. ಅವಸರಕ್ಕೆ ಬಿದ್ದಾಗ ಮೊದಲು ಕೈಬಿಟ್ಟುಹೋಗುವುದೂ ಇದೇ!

1982. ಅಮೆರಿಕದ ಎಫ್‌ಬಿಐ ಪ್ರಯೋಗಾಲಯದ ಮೇಜಿನ ಮೇಲೆ ಒಂದು ಹಳೆಯ ಪೋಸ್ಟ್‌ಕಾರ್ಡ್. ಅದರ ಮೇಲಿನ ತಾರೀಖು 1942ರ ಜೂನ್ 14. ಬರೆದದ್ದು ಯಾರಿಗೆ ಅಂತೀರಿ? ನಾಜಿ ಎಸ್‌ಎಸ್ ಪಡೆಯ ಮುಖ್ಯಸ್ಥ ಹೈನ್‌ರಿಷ್ ಹಿಮ್ಲರ್‌ಗೆ.

ಕಾರ್ಡು ಬಂದದ್ದು ಪಶ್ಚಿಮ ಜರ್ಮನಿಯಿಂದ. ಜೊತೆಗೊಂದು ಷರತ್ತೂ ಬಂದಿತ್ತು: ಪರೀಕ್ಷೆಯ ಹೆಸರಿನಲ್ಲಿ ದಾಖಲೆಗೆ ಯಾವ ಹಾನಿಯೂ ಆಗಕೂಡದು. ಕಾಗದದ ಮೇಲೆ ಬೆರಳಚ್ಚು ಹುಡುಕಲು ಆಗ ರೂಢಿಯಲ್ಲಿದ್ದದ್ದು ನಿನ್‌ಹೈಡ್ರಿನ್ ಎಂಬ ರಾಸಾಯನಿಕ. ಅದನ್ನು ಸವರಿದರೆ ಕಾಗದದ ತುಂಬ ನೇರಳೆ ಕಲೆ. ಹಾಗಾಗಿ ಆ ದಾರಿ ಮುಚ್ಚಿಹೋಯಿತು.

ಉಳಿದದ್ದು ಬೆಳಕೊಂದೇ. ತಜ್ಞರು ಕಾರ್ಡಿನ ಮೇಲೆ ಲೇಸರ್ ಹಾಯಿಸಿದರು. ಬರಿಗಣ್ಣಿಗೆ ಏನೂ ಇಲ್ಲದ ಜಾಗದಲ್ಲಿ ಎಡಗೈ ಹೆಬ್ಬೆರಳಿನ ಗೆರೆಗಳು ಹೊಳೆದವು. 40 ವರ್ಷ ಹಳೆಯ ಬೆರಳಚ್ಚು!

ಆ ಹೆಬ್ಬೆರಳು ವಲೇರಿಯನ್ ಟ್ರಿಫಾ ಎಂಬ ಧರ್ಮಗುರುವಿನದು. ಮಿಷಿಗನ್ ರಾಜ್ಯದಲ್ಲಿ ನೆಲೆಸಿ, ರುಮೇನಿಯನ್ ಆರ್ಥಡಾಕ್ಸ್ ಚರ್ಚಿನ ಆರ್ಚ್‌ಬಿಷಪ್ ಆಗಿದ್ದಾತ. ಯೌವನದಲ್ಲಿ ರುಮೇನಿಯಾದ ಐರನ್ ಗಾರ್ಡ್ ಎಂಬ ಫ್ಯಾಸಿಸ್ಟ್ ಸಂಘಟನೆಯ ವಿದ್ಯಾರ್ಥಿ ನಾಯಕ. ಆ ಹಿನ್ನೆಲೆಯನ್ನು ಮುಚ್ಚಿಟ್ಟು ಅಮೆರಿಕದ ಪೌರತ್ವ ಪಡೆದ ಆರೋಪದ ಮೇಲೆ ವರ್ಷಗಟ್ಟಲೆ ಮೊಕದ್ದಮೆ ನಡೆದಿತ್ತು. ಕಾರ್ಡೊಂದರಿಂದಲೇ ಎಲ್ಲವೂ ಇತ್ಯರ್ಥವಾಯಿತು ಎನ್ನುವಂತಿಲ್ಲ, ಪೌರತ್ವವನ್ನು ಟ್ರಿಫಾ 1980ರಲ್ಲೇ ಕಳೆದುಕೊಂಡಾಗಿತ್ತು. ಆದರೆ ನಾಜಿಗಳ ಜೊತೆಗಿನ ನಂಟಿಗೆ ಕೈಬರಹಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಕ್ಕಿತ್ತು. 1984ರಲ್ಲಿ ಆತ ಅಮೆರಿಕ ಬಿಟ್ಟು ಪೋರ್ಚುಗಲ್‌ಗೆ ಹೋಗಬೇಕಾಯಿತು.

ಕಾರ್ಡಿಗೆ ಏನೂ ಆಗಲಿಲ್ಲ.

ಬೆವರಿನಲ್ಲಿ ಏನಿದೆ?

ಬೆರಳ ತುದಿಯಲ್ಲಿ ಏಣುಗಳಿವೆ. ಒಂದು ಏಣಿನಿಂದ ಇನ್ನೊಂದಕ್ಕೆ ಸುಮಾರು ಅರ್ಧ ಮಿಲಿಮೀಟರ್ ಅಂತರ. ಏಣಿನ ನೆತ್ತಿಯುದ್ದಕ್ಕೂ ಬೆವರಿನ ರಂಧ್ರಗಳು. ಬೆವರಿನ ಹೆಚ್ಚುಪಾಲು ಬರೀ ನೀರು, ಅದು ಆರಿಹೋಗುತ್ತದೆ. ಹಿಂದೆ ಉಳಿಯುವುದು ಚೂರು ಉಪ್ಪು, ಅಮೈನೊ ಆಮ್ಲ, ಯೂರಿಯಾ.

ಹಾಗಾದರೆ ಅಚ್ಚಿನಲ್ಲಿರುವ ಜಿಡ್ಡು ಎಲ್ಲಿಂದ ಬಂತು? ಅಂಗೈಯಲ್ಲಿ ಎಣ್ಣೆಯ ಗ್ರಂಥಿಗಳೇ ಇಲ್ಲ. ನಾವು ಹಣೆ ಒರೆಸಿಕೊಳ್ಳುತ್ತೇವೆ, ಮೂಗು ಮುಟ್ಟುತ್ತೇವೆ, ಕೂದಲು ಸರಿಮಾಡಿಕೊಳ್ಳುತ್ತೇವೆ. ಅಲ್ಲಿಂದ ಎತ್ತಿಕೊಂಡ ಜಿಡ್ಡನ್ನು ಬಾಗಿಲ ಹಿಡಿಗೂ ಕಪಾಟಿನ ಗಾಜಿಗೂ ಹಂಚುತ್ತಾ ಹೋಗುತ್ತೇವೆ. ಗಾಬರಿಯಾದವನು ಮುಖ ಒರೆಸಿಕೊಳ್ಳುವುದು ಜಾಸ್ತಿ. ಕಳ್ಳನೂ ಮನುಷ್ಯನೇ ತಾನೆ.

ಈ ಪದರ ಎಷ್ಟು ತೆಳುವೆಂದರೆ ನೆಟ್ಟಗೆ ನೋಡಿದರೆ ಕಾಣುವುದೇ ಇಲ್ಲ. ಕಾಣಿಸಬೇಕಾದರೆ ಬೆಳಕನ್ನು ಓರೆಯಾಗಿ ಬಿಡಬೇಕು.

ಟಾರ್ಚನ್ನು ಮಲಗಿಸಿ ಹಿಡಿ

ಉತ್ತ ಹೊಲವನ್ನು ನಡುಮಧ್ಯಾಹ್ನ ನೋಡಿದರೆ ಬರೀ ಮಣ್ಣು. ಅದನ್ನೇ ಸಂಜೆ ಐದೂವರೆಗೆ, ಸೂರ್ಯ ಬದುವಿನ ಮಟ್ಟಕ್ಕೆ ಇಳಿದಾಗ ನೋಡಿ, ಒಂದೊಂದು ಸಾಲೂ ಎದ್ದು ಕಾಣುತ್ತದೆ. ಬೆರಳಚ್ಚು ತಜ್ಞರ ಮೊದಲ ಪಾಠವೂ ಇಷ್ಟೇ.

ಗಾಜು, ಸ್ಟೀಲು, ಪಾಲಿಶ್ ಮಾಡಿದ ಮರ ಇಂಥ ನುಣುಪಾದ ಮೇಲ್ಮೈಗೆ ಬೆಳಕು ತೀರಾ ಓರೆಯಾಗಿ ಬಿದ್ದರೆ ಅದು ಪುಟಿದು ಆಚೆ ಹೊರಟುಹೋಗುತ್ತದೆ, ನಮ್ಮ ಕಣ್ಣಿಗೆ ಬರುವುದಿಲ್ಲ. ಮೇಲ್ಮೈ ಕಪ್ಪಗೆ ಕಾಣುತ್ತದೆ. ಬೆರಳಿನ ಜಿಡ್ಡಿರುವ ಗೆರೆಗಳ ಮೇಲೆ ಬಿದ್ದ ಬೆಳಕು ಮಾತ್ರ ದಿಕ್ಕೆಟ್ಟು ಚದುರುತ್ತದೆ, ಅದರಲ್ಲಿ ಒಂದಿಷ್ಟು ನಮ್ಮತ್ತ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆ!

ಇದಕ್ಕೆ ಬೇಕಾದದ್ದು ಒಂದು ಒಳ್ಳೆಯ ಟಾರ್ಚು ಮತ್ತು ಬಗ್ಗಿ ನೋಡುವ ಸೊಂಟ. ಕಿಟಕಿಗೆ ಪರದೆ ಎಳೆದು, ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ, ಒಂದು ಕಡೆಯಿಂದ ನೋಡಬೇಕು, ಮತ್ತೆ ಇನ್ನೊಂದು ಕಡೆಯಿಂದ. ಈ ದಿಕ್ಕಿನಲ್ಲಿ ಕಾಣದ ಅಚ್ಚು ಆ ದಿಕ್ಕಿನಲ್ಲಿ ಕಾಣುತ್ತದೆ. ಕಂಡ ತಕ್ಷಣ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು, ಏಕೆಂದರೆ ಅದು ಮತ್ತೆ ಅಷ್ಟೇ ಚೆನ್ನಾಗಿ ಕಾಣುತ್ತದೆಂಬ ಖಾತರಿಯಿಲ್ಲ. ಹಿಂದಿನವರು ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು ನೋಡುತ್ತಿದ್ದದ್ದೂ ಉಂಟು. ಹಬೆ ಕೂತು ಗೆರೆಗಳು ಕ್ಷಣಹೊತ್ತು ಮೂಡುತ್ತವೆ. ಈಗ ಹಾಗೆ ಮಾಡಿದರೆ ತಜ್ಞರದೇ ಡಿಎನ್‌ಎ ಸಾಕ್ಷ್ಯದೊಳಗೆ ಸೇರಿಕೊಂಡೀತು.

ಈ ಓರೆ ಬೆಳಕಿನ ತಾಕತ್ತನ್ನು ಮೊಬೈಲ್ ಕಾಲದಲ್ಲಿ ತೋರಿಸಿಕೊಟ್ಟವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು. 2010ರಲ್ಲಿ ಅವರು ಆಂಡ್ರಾಯ್ಡ್ ಫೋನುಗಳ ಪರದೆಯ ಮೇಲಿನ ಜಿಡ್ಡಿನ ಜಾಡನ್ನು ಬೇರೆ ಬೇರೆ ಕೋನದ ಬೆಳಕಿನಲ್ಲಿ ಫೋಟೊ ತೆಗೆದರು. ಬೀಗ ತೆರೆಯಲು ಬೆರಳು ಎಳೆದ ಪ್ಯಾಟರ್ನ್ 68% ಸಂದರ್ಭಗಳಲ್ಲಿ ಪೂರ್ತಿಯಾಗಿ, 92% ಸಂದರ್ಭಗಳಲ್ಲಿ ಭಾಗಶಃ ಕಂಡಿತು! ಪಾಸ್‌ವರ್ಡನ್ನು ನಾವೇ ಪರದೆಯ ಮೇಲೆ ಬರೆದಿಟ್ಟು ಓಡಾಡುತ್ತಿದ್ದೆವು ಅಂತಾಯಿತು.

▪ ಬಾಕ್ಸ್: ಮನೆಯಲ್ಲೇ ನೋಡಿ

ಒಂದು ಸ್ಟೀಲ್ ತಟ್ಟೆಯನ್ನು ಚೆನ್ನಾಗಿ ತೊಳೆದು ಒರೆಸಿ. ಹೆಬ್ಬೆರಳನ್ನು ಹಣೆಗೆ ಸವರಿ ತಟ್ಟೆಯ ಮೇಲೆ ಮೆಲ್ಲಗೆ ಒತ್ತಿ. ಲೈಟು ಆರಿಸಿ, ಮೊಬೈಲ್ ಟಾರ್ಚನ್ನು ತಟ್ಟೆಯ ಅಂಚಿನ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಿ. ಈಗ ಟಾರ್ಚನ್ನು ನಿಧಾನಕ್ಕೆ ಮೇಲೆತ್ತಿ. ಗೆರೆಗಳು ಎಲ್ಲಿ ಮಾಯವಾದವು ಎಂಬುದನ್ನು ಮಕ್ಕಳೇ ಹೇಳಲಿ.

ಪಂಚಾಂಗದ ಮೇಲಿನ ಕಂದು ಕಲೆ

ಬೆರಳಚ್ಚಿನ ಕಥೆಯ ಮೊದಲ ಅಧ್ಯಾಯಗಳು ನಮ್ಮ ದೇಶದಲ್ಲೇ ನಡೆದವು. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ ಗುತ್ತಿಗೆದಾರನೊಬ್ಬನ ಅಂಗೈ ಗುರುತನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅಲ್ಲಿ ಲೆಕ್ಕಾಚಾರ ಕೂಡಿಸಿ ವರ್ಗೀಕರಣ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಆಳುವವರ ಕಾಲದಲ್ಲಿ ಹೀಗಾಗುವುದು ಹೊಸದೇನಲ್ಲ.

ಅದೇ ಸುಮಾರಿಗೆ ಜಲ್ಪೈಗುರಿಯ ಚಹಾ ತೋಟದ ಮ್ಯಾನೇಜರ್ ಒಬ್ಬನ ಕೊಲೆಯಾಯಿತು. ಕಬ್ಬಿಣದ ಪೆಟ್ಟಿಗೆ ಬರಿದಾಗಿತ್ತು. ಕಾಗದಪತ್ರಗಳ ನಡುವೆ ಒಂದು ಬಂಗಾಳಿ ಪಂಚಾಂಗ, ಅದರ ಹೊದಿಕೆಯ ಮೇಲೆ ಮಾಸಲು ಕಂದು ಕಲೆಗಳು. ಪರೀಕ್ಷಿಸಿದರೆ ಅದು ರಕ್ತ, ಕಲೆಯಲ್ಲಿದ್ದದ್ದು ಬಲಗೈ ಹೆಬ್ಬೆರಳಿನ ಅಚ್ಚು. ಕಡತದಲ್ಲಿ ಹುಡುಕಿದಾಗ ಹಿಂದೆ ಆ ಮನೆಯಲ್ಲಿ ಕೆಲಸಕ್ಕಿದ್ದು, ಕಳ್ಳತನಕ್ಕೆ ಜೈಲು ಕಂಡಿದ್ದವನ ಬೆರಳಿಗೆ ತಾಳೆಯಾಯಿತು. ನ್ಯಾಯಾಲಯ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು. ಕೊಲೆಗೆ ಕೊಡಲಿಲ್ಲ, ಕಣ್ಣಾರೆ ಕಂಡವರಿರಲಿಲ್ಲ.

1902ರಲ್ಲಿ ಲಂಡನ್ನಿನ ಡೆನ್ಮಾರ್ಕ್ ಹಿಲ್‌ನ ಮನೆಯೊಂದರಿಂದ ಬಿಲಿಯರ್ಡ್ಸ್ ಚೆಂಡು ಕದ್ದವನಿಗೂ ಹೀಗೇ ಆಯಿತು. ಹೊಸದಾಗಿ ಬಣ್ಣ ಬಳಿದಿದ್ದ ಕಿಟಕಿಯ ಅಂಚಿಗೆ ಕೈಯೂರಿ ಏಳು ವರ್ಷ ಜೈಲು ಸೇರಿದ.

ರಕ್ತ, ಬಣ್ಣ. ಎರಡೂ ಕಣ್ಣಿಗೆ ಕಾಣುವಂಥವು. ಕಾಣದ್ದನ್ನು ಕಾಣಿಸಲು ಕಪ್ಪು ಪುಡಿ, ಅಲ್ಯುಮಿನಿಯಂ ಪುಡಿ, 1954ರಿಂದ ನಿನ್‌ಹೈಡ್ರಿನ್ ಬಂದವು. ಇವೆಲ್ಲದರಲ್ಲೂ ಒಂದು ತಕರಾರಿತ್ತು. ಬೆರಳಚ್ಚನ್ನು ಮುಟ್ಟಲೇಬೇಕು, ಮುಟ್ಟಿದ ಮೇಲೆ ಅದು ಮೊದಲಿನಂತೆ ಉಳಿಯುವುದಿಲ್ಲ.

ಕೆನಡಾದ ಹಸಿರು ಕಿರಣ

ತಿರುವು ಬಂದದ್ದು ಕೆನಡಾದಲ್ಲಿ, 1970ರ ದಶಕದ ನಡುವೆ. ಒಂಟಾರಿಯೊ ಪ್ರಾಂತೀಯ ಪೊಲೀಸ್ ಇಲಾಖೆಯ ಬ್ರಯನ್ ಡಾಲ್ರಿಂಪಲ್, ಝೆರಾಕ್ಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಾದ ಡಫ್ ಮತ್ತು ರೋಲಂಡ್ ಮೆಂಜೆಲ್, ಈ ಮೂವರು ಕೂಡಿ ಆರ್ಗಾನ್ ಲೇಸರ್ ಎದುರು ಬೆರಳಚ್ಚುಗಳನ್ನಿಟ್ಟರು. ಪುಡಿ ಹಾಕದ, ಏನೂ ಸವರದ ಬರೀ ಬೆರಳಚ್ಚು. ಅದು ತಾನಾಗಿಯೇ ಹೊಳೆಯಿತು. 1977ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು, ಟ್ರಿಫಾನ ಕಾರ್ಡನ್ನು ಬೆಳಗಿಸಿದ್ದು ಇದೇ ವಿದ್ಯೆ.

ಇದು ಓರೆ ಬೆಳಕಿನ ಆಟವಲ್ಲ, ಪ್ರತಿದೀಪ್ತಿ. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ನುಂಗಿ ಬೇರೆ ಬಣ್ಣದಲ್ಲಿ ಹೊರಹಾಕುತ್ತವೆ. ನುಂಗಿದ್ದು ನೀಲಿಯಾದರೆ ಬಿಡುವುದು ಹಸಿರೋ ಹಳದಿಯೋ, ನುಂಗಿದ್ದು ಹಸಿರಾದರೆ ಬಿಡುವುದು ಕಿತ್ತಳೆಯೋ ಕೆಂಪೋ. ಅಂದರೆ ಹೊರಬರುವ ಬೆಳಕಿನ ತರಂಗಾಂತರ ಸಾಮಾನ್ಯವಾಗಿ ಹೆಚ್ಚು, ಶಕ್ತಿ ಕಡಿಮೆ.

ತೊಂದರೆಯೇನೆಂದರೆ ಈ ಹೊಳಪು ಬಹಳ ಮಂದ. ಮೇಲೆ ಬಿದ್ದ ಲೇಸರ್ ಬೆಳಕೇ ಕಣ್ಣು ಕುಕ್ಕುತ್ತಿರುವಾಗ ಅದು ಕಾಣುವುದೆಂತು? ಅದಕ್ಕೇ ಬಣ್ಣದ ಕನ್ನಡಕ. ತಜ್ಞರು ಕಿತ್ತಳೆ ಕನ್ನಡಕ ಹಾಕುವುದು ಸ್ಟೈಲಿಗಲ್ಲ. ಅದು ಮೇಲೆ ಬಿದ್ದ ನೀಲಿ-ಹಸಿರನ್ನು ತಡೆದು, ಬೆರಳಚ್ಚು ಬಿಟ್ಟ ಕಿತ್ತಳೆ-ಹಳದಿಯನ್ನು ಮಾತ್ರ ಒಳಗೆ ಬಿಡುತ್ತದೆ. ಕ್ಯಾಮೆರಾದ ಲೆನ್ಸಿಗೂ ಅದೇ ಫಿಲ್ಟರ್. ಕಣ್ಣಿನ ರಕ್ಷಣೆಯೂ ಆಯಿತು.

▪ ಬಾಕ್ಸ್: ಯಾವ ದೀಪಕ್ಕೆ ಯಾವ ಗಾಜು

ಆರ್ಗಾನ್ ಲೇಸರಿನ ಮುಖ್ಯ ಬಣ್ಣಗಳು 488 ಮತ್ತು 514.5 ನ್ಯಾನೊಮೀಟರ್; ಜೋಡಿ ಕಿತ್ತಳೆ ಫಿಲ್ಟರ್. ಈಗಿನ ಹಸಿರು ಲೇಸರ್ 532 ನ್ಯಾನೊಮೀಟರಿನದು. ಕಿತ್ತಳೆ ಅಥವಾ ಕೆಂಪು. ನೀಲಿ ಎಲ್‌ಇಡಿ 450ರ ಆಸುಪಾಸು. ಹಳದಿ ಇಲ್ಲವೇ ಕಿತ್ತಳೆ. ಕಣ್ಣಿಗೆ ಕಾಣದ 254 ನ್ಯಾನೊಮೀಟರಿನ ಅತಿನೇರಳೆ ಬೆಳಕಿನಲ್ಲಿ ಕನ್ನಡಕದಿಂದ ಪ್ರಯೋಜನವಿಲ್ಲ, ನೋಡಲು ವಿಶೇಷ ಕ್ಯಾಮೆರಾವೇ ಬೇಕು.

ಹೊಳೆಯುವುದು ಬೆವರೋ, ಊಟವೋ?

ನಿಜ ಹೇಳಬೇಕೆಂದರೆ ಶುದ್ಧ ಬೆವರು ಅಷ್ಟೇನೂ ಹೊಳೆಯುವುದಿಲ್ಲ. ಹಲವು ಸಲ ಬೆಳಗುವುದು ಬೆರಳಿಗೆ ಅಂಟಿಕೊಂಡ ಬೇರೇನೋ: ಕ್ರೀಮು, ಎಣ್ಣೆ, ಔಷಧಿ, ತಿಂಡಿ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್, ನೀಲಿ ಬೆಳಕು ಬಿದ್ದರೆ ಹಳದಿ-ಹಸಿರಾಗಿ ಹೊಳೆಯುತ್ತದೆ. ಹುಳಿಯನ್ನ ಕಲಸಿ ಕೈಯನ್ನು ಅರೆಬರೆ ತೊಳೆದವನು ಬೆರಳಚ್ಚು ತಜ್ಞರಿಗೆ ಉಪಕಾರವನ್ನೇ ಮಾಡಿರುತ್ತಾನೆ. ತಮಾಷೆಯಲ್ಲ, ಅರಿಶಿನದ ಪುಡಿಯನ್ನೇ ಬೆರಳಚ್ಚು ಎತ್ತಲು ಬಳಸಬಹುದೆಂದು ಭಾರತೀಯ ಸಂಶೋಧಕರು 2011ರಲ್ಲಿ ಪ್ರಬಂಧ ಬರೆದಿದ್ದಾರೆ.

ಬೆರಳಚ್ಚು ತಾನಾಗಿ ಹೊಳೆಯದಿದ್ದರೆ ಹೊಳೆಯುವಂತೆ ಮಾಡಬೇಕು. ಇಲ್ಲಿಂದ ಮುಂದೆ ಬೆಳಕೂ ರಸಾಯನಶಾಸ್ತ್ರವೂ ಕೈಜೋಡಿಸುತ್ತವೆ. 1970ರ ದಶಕದ ಕೊನೆಗೆ ಜಪಾನಿನ ಪೊಲೀಸ್ ಪ್ರಯೋಗಾಲಯವೊಂದರಲ್ಲಿ ಫುಸಿಯೊ ಮಾತ್ಸುಮುರ ಎಂಬ ತಜ್ಞ ಕೂದಲೆಳೆಗಳನ್ನು ಗಾಜಿನ ಪಟ್ಟಿಗೆ ಅಂಟಿಸುತ್ತಿದ್ದ. ಬಳಸಿದ್ದು ನಾವು ಫೆವಿಕ್ವಿಕ್ ಎನ್ನುವ ಬಗೆಯ ಅಂಟು. ನೋಡುತ್ತಾನೆ, ಗಾಜಿನ ಮೇಲೆ ತನ್ನದೇ ಬೆರಳಚ್ಚು ಬೆಳ್ಳಗೆ ಮೂಡಿದೆ! ಅಂಟಿನ ಆವಿ ಬೆರಳಿನ ಗೆರೆಗಳ ಮೇಲೆ ಕೂತು ಗಟ್ಟಿಯಾಗಿತ್ತು. ಇವತ್ತು ಪ್ಲಾಸ್ಟಿಕ್ ಚೀಲ, ಬಾಟಲಿ, ಆಯುಧಗಳನ್ನು ಪೆಟ್ಟಿಗೆಯಲ್ಲಿಟ್ಟು ಇದೇ ಅಂಟಿನ ಹೊಗೆ ಕೊಡುತ್ತಾರೆ. ಆಮೇಲೆ ಹೊಳೆಯುವ ಬಣ್ಣದಲ್ಲಿ ಅದ್ದಿ ನೀಲಿ ಅಥವಾ ಹಸಿರು ಬೆಳಕಿಗೆ ಹಿಡಿಯುತ್ತಾರೆ.

ಕಾಗದಕ್ಕೆ ಬೇರೆ ಮದ್ದು. ನಿನ್‌ಹೈಡ್ರಿನ್‌ನ ನೇರಳೆ ಅಚ್ಚಿಗೆ ಸತುವಿನ ಕ್ಲೋರೈಡ್ ಸೇರಿಸಿದರೆ ಅದೂ ಲೇಸರಿಗೆ ಹೊಳೆಯುತ್ತದೆಂದು 1982ರಲ್ಲಿ ಗೊತ್ತಾಯಿತು. ನಂತರ ಬಂದ ಇಂಡೇನ್‌ಡಯೋನ್ ಬೆವರಿನ ಅಮೈನೊ ಆಮ್ಲದ ಜೊತೆ ಸೇರಿ ಹಸಿರು ಬೆಳಕಿನಲ್ಲಿ ಪ್ರಖರವಾಗಿ ಬೆಳಗುತ್ತದೆ.

ಈ ಸಾಲಿನಲ್ಲಿ ತುಮಕೂರಿಗೂ ಒಂದು ಜಾಗವಿದೆ. ತುಮಕೂರು ವಿಶ್ವವಿದ್ಯಾಲಯದ ಪ್ರೊ. ಸಿ.ಎನ್.ಆರ್. ರಾವ್ ಸುಧಾರಿತ ವಸ್ತುಗಳ ಕೇಂದ್ರದಲ್ಲಿ ಎಚ್. ನಾಗಭೂಷಣ ಮತ್ತು ಸಂಗಡಿಗರು ಬೆರಳಚ್ಚಿಗೆಂದೇ ಹೊಳೆಯುವ ನ್ಯಾನೊ ಪುಡಿಗಳನ್ನು ತಯಾರಿಸಿ ಪ್ರಬಂಧಗಳ ಸಾಲನ್ನೇ ಪ್ರಕಟಿಸಿದ್ದಾರೆ. ಯುರೋಪಿಯಂನಂಥ ಧಾತು ಬೆರೆಸಿದ ಪುಡಿಯನ್ನು ಅಚ್ಚಿನ ಮೇಲೆ ಉದುರಿಸಿ ಅತಿನೇರಳೆ ದೀಪ ಹಿಡಿದರೆ ಕೆಂಪಗೆ ಉರಿಯುತ್ತದೆ. ಗೆರೆಗಳಷ್ಟೇ ಅಲ್ಲ, ಬೆವರಿನ ರಂಧ್ರಗಳೂ ಎಣಿಸುವಂತೆ ಕಾಣುತ್ತವೆ. ಕೆಲವು ಪುಡಿಗಳ ತಯಾರಿಕೆಗೆ ಲೋಳೆಸರದ ರಸವನ್ನೂ ಬಳಸಿದ್ದಾರೆ. ಚಿತ್ರವಿಚಿತ್ರ ಬಣ್ಣದ ಸ್ಟೀಲು, ಮರ, ಪತ್ರಿಕೆಯ ಮುಖಪುಟ ಇವುಗಳ ಮೇಲೆ ಕಪ್ಪು ಪುಡಿ ಸೋಲುವ ಕಡೆ ಇಂಥವು ಗೆಲ್ಲುತ್ತವೆ. ಪ್ರಯೋಗಾಲಯದಿಂದ ಠಾಣೆಯ ಕಿಟ್‌ಗೆ ಬಂದರೆ ಇನ್ನೂ ಚೆನ್ನ.

▪ ಬಾಕ್ಸ್: ಸೀರಿಯಲ್‌ನಲ್ಲಿ ಮಾತ್ರ

ನೀಲಿ ಟಾರ್ಚು ಹಿಡಿದೊಡನೆ ರಕ್ತ ಹೊಳೆಯುವುದು ಟಿ.ವಿ.ಯಲ್ಲಿ ಮಾತ್ರ. ರಕ್ತ ಬೆಳಕನ್ನು ನುಂಗುತ್ತದೆ, ಅದರಲ್ಲೂ 415 ನ್ಯಾನೊಮೀಟರಿನ ನೇರಳೆಯನ್ನು. ಆದ್ದರಿಂದ ರಕ್ತದ ಬೆರಳಚ್ಚು ಹೊಳೆಯುವ ಹಿನ್ನೆಲೆಯ ಮೇಲೆ ಕಪ್ಪಗೆ ಕಾಣುತ್ತದೆ. ಸಿನಿಮಾದಲ್ಲಿ ನೀಲಿಯಾಗಿ ಮಿನುಗುವುದು ಲ್ಯುಮಿನಾಲ್. ಅದು ಸಿಂಪಡಿಸುವ ರಾಸಾಯನಿಕ, ದೀಪವಲ್ಲ.

ಬೆಳಕಿಗೂ ಮಿತಿಯಿದೆ

ಹಿನ್ನೆಲೆಯೇ ಹೊಳೆದರೆ ಬೆಳಕು ಸೋಲುತ್ತದೆ. ಬಿಳಿ ಕಾಗದಕ್ಕೂ ಬಟ್ಟೆಯ ಸೋಪಿನ ಪುಡಿಗೂ ಹೊಳಪು ಬರಿಸುವ ರಾಸಾಯನಿಕ ಹಾಕಿರುತ್ತಾರೆ, ಅತಿನೇರಳೆ ದೀಪಕ್ಕೆ ಅವು ಝಗ್ಗೆನ್ನುತ್ತವೆ. ಆಗ ದೀಪದ ಬಣ್ಣ ಬದಲಿಸಿ, ಫಿಲ್ಟರ್ ಬದಲಿಸಿ, ಮತ್ತೆ ನೋಡಬೇಕು.

ಬೆಳಕು ಏನನ್ನೂ ಕೆಡಿಸುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಕಿರು ತರಂಗದ ಅತಿನೇರಳೆ ಕಿರಣ ನುಣುಪಾದ ಮೇಲ್ಮೈಯಲ್ಲಿ ಅಚ್ಚನ್ನು ಸೊಗಸಾಗಿ ತೋರಿಸುತ್ತದೆ, ಅದೇ ಹೊತ್ತಿಗೆ ಅಲ್ಲಿರುವ ಡಿಎನ್‌ಎಯನ್ನು ಒಡೆಯಲೂಬಲ್ಲದು. ಡಿಎನ್‌ಎ ಬೇಕೋ ಬೆರಳಚ್ಚು ಬೇಕೋ ಎಂಬುದನ್ನು ಸ್ವಿಚ್ ಒತ್ತುವ ಮುಂಚೆಯೇ ತೀರ್ಮಾನಿಸಬೇಕು.

ದೊಡ್ಡ ಮಿತಿ ಬೇರೆಯೇ ಇದೆ. ಅಚ್ಚನ್ನು ಕಾಣುವುದು ಬೇರೆ, ಅದು ಯಾರದೆಂದು ಹೇಳುವುದು ಬೇರೆ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಚೀಲವೊಂದರ ಮೇಲೆ ಸಿಕ್ಕಿದ ಅಚ್ಚನ್ನು ಎಫ್‌ಬಿಐ ಅಮೆರಿಕದ ವಕೀಲರೊಬ್ಬರದೆಂದು ಖಚಿತವಾಗಿ ಹೇಳಿ, ಅವರನ್ನು ಎರಡು ವಾರ ಬಂಧನದಲ್ಲಿಟ್ಟಿತು. ಅದು ಬೇರೊಬ್ಬನದೆಂದು ಸ್ಪೇನ್ ಪೊಲೀಸರು ಪತ್ತೆ ಮಾಡಿದರು. ಎಫ್‌ಬಿಐ ಕ್ಷಮೆ ಕೇಳಿತು. ದೀಪ ಸುಳ್ಳು ಹೇಳಿರಲಿಲ್ಲ, ತಾಳೆ ನೋಡಿದವರು ಎಡವಿದ್ದರು.

ಬೆರಳಚ್ಚು ತಜ್ಞರು ಹಾಗೂ ಶ್ವಾನದಳ

'ಸ್ಥಳಕ್ಕೆ ಬೆರಳಚ್ಚು ತಜ್ಞರು ಹಾಗೂ ಶ್ವಾನದಳ ಭೇಟಿ ನೀಡಿ ಪರಿಶೀಲನೆ ನಡೆಸಿದರು.' ಕನ್ನಡ ಪತ್ರಿಕೆಗಳ ಕಳ್ಳತನದ ವರದಿಯಲ್ಲಿ ಈ ವಾಕ್ಯ ತಪ್ಪುವುದಿಲ್ಲ. ಆದರೆ ಅವರು ಬರುವ ಹೊತ್ತಿಗೆ ಅಲ್ಲಿ ಏನಾಗಿರುತ್ತದೆ? ಮನೆಯವರು ಬೀರು ತೆರೆದು ಏನೇನು ಹೋಯಿತೆಂದು ನೋಡಿರುತ್ತಾರೆ, ಪಕ್ಕದ ಮನೆಯವರು ಬಾಗಿಲು ಹಿಡಿದು ನಿಂತಿರುತ್ತಾರೆ, ಯಾರೋ ವಿಡಿಯೊ ಮಾಡುತ್ತಿರುತ್ತಾರೆ. ಇಷ್ಟು ಕೈಗಳ ನಡುವೆ ಕಳ್ಳನ ಕೈ ಯಾವುದು?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಪ್ರಕಾರ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಸಾಕ್ಷ್ಯ ಸಂಗ್ರಹದ ವಿಡಿಯೊ ಆಗಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವಿದೆ. ಸಿಕ್ಕಿದ ಅಚ್ಚನ್ನು ದೇಶದ ಎಲ್ಲ ಕಡತಗಳ ಜೊತೆ ಹೋಲಿಸಲು 2022ರಿಂದ ನಾಫಿಸ್ ಎಂಬ ರಾಷ್ಟ್ರೀಯ ಕಂಪ್ಯೂಟರ್ ಜಾಲವಿದೆ. ಕಾನೂನೂ ಬಂತು, ಕಂಪ್ಯೂಟರೂ ಬಂತು. ಆದರೆ ಕಂಪ್ಯೂಟರಿಗೆ ಕೊಡಲು ಒಳ್ಳೆಯ ಅಚ್ಚು ಸಿಗಬೇಕಾದದ್ದು ಅದೇ ಹಳೇ ಜಾಗದಲ್ಲಿ, ಬೀರುವಿನ ಬಾಗಿಲ ಮೇಲೆ.

ಬ್ರಿಟನ್ನಿನ ಗೃಹ ಇಲಾಖೆಯ ಕೈಪಿಡಿ ಹೇಳುವ ಕ್ರಮ ಸರಳ: ಮೊದಲು ಕಣ್ಣಿನಿಂದ, ಮಾಮೂಲಿ ಬೆಳಕಿನಲ್ಲಿ. ಆಮೇಲೆ ಪ್ರತಿದೀಪ್ತಿಗಾಗಿ ಬಣ್ಣದ ಬೆಳಕಿನಲ್ಲಿ. ಫೋಟೊ. ನಂತರವಷ್ಟೇ ಪುಡಿ, ಹೊಗೆ, ರಾಸಾಯನಿಕ. ಪುಡಿ ಉದುರಿಸಿದ ಮೇಲೆ ಹಿಂದಕ್ಕೆ ಹೋಗಲಾಗದು. ಬ್ರಷ್ ಎಳೆದು ಅರ್ಧ ಅಳಿಸಿದ ಅಚ್ಚನ್ನು ಯಾವ ಲೇಸರೂ ಪೂರ್ತಿ ಮಾಡಿಕೊಡುವುದಿಲ್ಲ. ಹಿಂದೆ ಕೋಣೆ ತುಂಬುವಷ್ಟು ದೊಡ್ಡದಿದ್ದ, ತಣ್ಣಗಿಡಲು ನೀರು ಹರಿಸಬೇಕಿದ್ದ ಲೇಸರ್ ಬಳಿಗೆ ವಸ್ತುಗಳನ್ನೇ ಹೊತ್ತೊಯ್ಯಬೇಕಿತ್ತು. ಈಗ ಕೈಯಲ್ಲಿ ಹಿಡಿಯುವ ಎಲ್‌ಇಡಿ ದೀಪಗಳಿವೆ. ಜಿಲ್ಲೆಗೊಂದಲ್ಲ, ತಾಲ್ಲೂಕಿಗೊಂದು ಇದ್ದರೂ ಅತಿಯಾಗದು.

ಓದುಗರಿಗೂ ಒಂದು ಕೆಲಸವಿದೆ. ಮನೆಯಲ್ಲಿ ಕಳ್ಳತನವಾಗಿದ್ದು ಕಂಡರೆ ಬೀರು ಮುಟ್ಟಬೇಡಿ, ಒಡೆದ ಗಾಜು ಗುಡಿಸಬೇಡಿ, ಬಾಗಿಲ ಹಿಡಿ ಒರೆಸಬೇಡಿ, ಬಂದ ನೆಂಟರನ್ನು ಒಳಕ್ಕೆ ಬಿಡಬೇಡಿ. ಹೊರಗೆ ನಿಂತು 112ಕ್ಕೆ ಫೋನ್ ಮಾಡಿ. ತಜ್ಞರು ಬಂದು ನೇರವಾಗಿ ಪುಡಿ ಡಬ್ಬಿ ತೆರೆದರೆ, ಮೊದಲು ಒಮ್ಮೆ ಟಾರ್ಚು ಹಾಕಿ ನೋಡುತ್ತೀರಾ ಸರ್ ಎಂದು ಕೇಳಿ. ಕೇಳಿದರೆ ತಪ್ಪೇನೂ ಇಲ್ಲ.